ಬಿಯರ್ ಬಾಟಲಿಗಳ ಮೇಲೆ ನಿಂತ ಟೀಪಾಯಿ

ಶಿವಮೊಗ್ಗದ ಗುಜರಿ ಅಂಗಡಿಯೊಂದರಿಂದ 650 ಮಿ.ಲೀ. ಅಳತೆಯ ಮೂವತ್ತು ಬಿಯರ್ ಬಾಟಲಿಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದ ದಿನ ಅಕ್ಕಪಕ್ಕದ ಮನೆಯವರು ಏನೆಂದುಕೊಂಡರೋ ತಿಳಿಯದು. ಅವನ್ನು ಖಾಲಿ ಮಾಡಿದವನು ಮಾತ್ರ ನಾನಲ್ಲ. ನಡುಮನೆಗೊಂದು ಗಿಡ್ಡ ಟೀಪಾಯಿ ಮಾಡಬೇಕು, ಅದರ ಭಾರವನ್ನು ಬಾಟಲಿಗಳೇ ಹೊರಬೇಕು ಎಂಬುದು ನನ್ನ ಯೋಚನೆಯಾಗಿತ್ತು.

ಗಾಜು ಒತ್ತಡವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಎಳೆತವನ್ನು ತಾಳುವುದಿಲ್ಲ. ಆದ್ದರಿಂದ ಬಾಟಲಿಗಳನ್ನು ಕೊರೆಯುವ ಗೋಜಿಗೇ ಹೋಗದೆ, ಹನ್ನೆರಡು ಬಾಟಲಿಗಳನ್ನು 18 ಮಿ.ಮೀ. ದಪ್ಪದ ಎರಡು ಪ್ಲೈವುಡ್ ಹಲಗೆಗಳ ನಡುವೆ ನಿಲ್ಲಿಸಿ, ನಾಲ್ಕು ಮೂಲೆಗಳಲ್ಲಿ 8 ಮಿ.ಮೀ. ಥ್ರೆಡ್ ರಾಡ್ (ಉದ್ದಕ್ಕೂ ತಿರುಪಿನ ಗೆರೆಗಳಿರುವ ಕಬ್ಬಿಣದ ಸರಳು) ತೂರಿಸಿ ನಟ್ಟು ಬಿಗಿಯುವ ವಿನ್ಯಾಸ ಮಾಡಿಕೊಂಡೆ. ಎಳೆತವೆಲ್ಲ ಕಬ್ಬಿಣದ ಪಾಲು, ಒತ್ತಡ ಗಾಜಿನ ಪಾಲು. ಬಾಟಲಿಗಳು ಅತ್ತಿತ್ತ ಸರಿಯದಂತೆ, ಅವುಗಳ ತಳ ಮತ್ತು ಬಾಯಿ ಕೂರುವಷ್ಟು ರಂಧ್ರ ಕೊರೆದ ತೆಳು ಪ್ಲೈವುಡ್ಡನ್ನು ಎರಡೂ ಹಲಗೆಗಳ ಒಳಬದಿಗೆ ಅಂಟಿಸಿದೆ.

ಆಯ್ಕೆಯೇ ಹೆಚ್ಚು ಹೊತ್ತು ಹಿಡಿಯಿತು. ಹಲವು ಬಾರಿ ತುಂಬಿಸಿ ಬಳಸಿದ ಬಾಟಲಿಗಳ ಭುಜದಲ್ಲಿಯೂ ತಳದ ಅಂಚಿನಲ್ಲಿಯೂ ತಿಕ್ಕಾಟದಿಂದ ಬಿಳಿಯ ಪಟ್ಟಿ ಮೂಡಿರುತ್ತದೆ. ಆ ಗೀರುಗಳಿಂದಲೇ ಬಿರುಕು ಹುಟ್ಟುವುದರಿಂದ ಅಂಥವನ್ನು ಬದಿಗಿಟ್ಟೆ. ಉಳಿದವನ್ನು ವಾಷಿಂಗ್ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿದಾಗ ಲೇಬಲ್ಲುಗಳು ತಾವಾಗಿಯೇ ಕಳಚಿಕೊಂಡವು.

ಇಷ್ಟಾದರೂ ಮೊದಲ ಸಲ ನಟ್ಟು ಬಿಗಿಯುವಾಗ ಟಕ್ಕೆಂದು ಒಂದು ಬಾಟಲಿ ತಳದಿಂದ ಭುಜದವರೆಗೆ ಸೀಳಿತು. ತಪ್ಪು ನನ್ನದೇ: ಒಂದೇ ಬಗೆಯ ಬಾಟಲಿಗಳ ಎತ್ತರವೂ ಒಂದೇ ಎಂದು ನಂಬಿದ್ದೆ. ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿ ಬಾಯಿಗಳ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಇಟ್ಟು ನೋಡಿದರೆ ಒಂದೆರಡು ಮಿ.ಮೀ. ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಎಲ್ಲಕ್ಕಿಂತ ಎತ್ತರವಾಗಿದ್ದ ಆ ಒಂದರ ಮೇಲೆಯೇ ಬಿಗಿತವೆಲ್ಲ ಬಿದ್ದಿತ್ತು. ಹಳೆಯ ಸೈಕಲ್ ಟ್ಯೂಬಿನಿಂದ ಬಿಲ್ಲೆಗಳನ್ನು ಕತ್ತರಿಸಿ, ಗಿಡ್ಡ ಬಾಟಲಿಗೆ ಎರಡೋ ಮೂರೋ, ಎತ್ತರದ್ದಕ್ಕೆ ಒಂದೇ ಎಂಬಂತೆ ಬಾಯಿಯ ಮೇಲಿಟ್ಟು ಸಮ ಮಾಡಿದೆ. ನಟ್ಟುಗಳನ್ನೂ ಒಂದೊಂದಾಗಿ ಪೂರ್ತಿ ಬಿಗಿಯದೆ, ಕರ್ಣದ ದಿಕ್ಕಿನಲ್ಲಿ ಎದುರುಬದುರಾಗಿ ಅರ್ಧರ್ಧ ಸುತ್ತು ತಿರುಗಿಸುತ್ತ ಬಂದೆ.

ಐವತ್ತು ಕಿಲೋ ಅಕ್ಕಿ ಮೂಟೆಯನ್ನು ಒಂದು ರಾತ್ರಿ ಹೇರಿಟ್ಟು ನೋಡಿದ ಮೇಲೆಯೇ ಟೀಪಾಯಿ ನಡುಮನೆ ಸೇರಿತು. ಬೇಸಿಗೆಯಲ್ಲಿ ಹಲಗೆ ಒಣಗಿ ನಟ್ಟುಗಳು ಸಡಿಲವಾಗುವುದರಿಂದ ಯುಗಾದಿಯ ಹೊತ್ತಿಗೆ ಸ್ಪ್ಯಾನರ್ ಹಿಡಿದು ಕಾಲು ಸುತ್ತು ಬಿಗಿಯುತ್ತೇನೆ.