ಹತ್ತು ನಿಮಿಷದ ವಾಲ್ವ್

ನಗರದ ಕುಡಿಯುವ ನೀರಿನ ಹಳೆಯ ಘಟಕವನ್ನು ದೊಡ್ಡದು ಮಾಡುವ ಕೆಲಸಕ್ಕೆ ಕೈ ಹಾಕಿದಾಗ ನಮ್ಮೆಲ್ಲರ ಕಣ್ಣು ನೀರಿನ ಮೇಲೇ ಇತ್ತು. ನೀರಿನ ಕೊಳೆ ತಳಕ್ಕೆ ಕೂರುವ ಸೆಟ್ಲಿಂಗ್ ಟ್ಯಾಂಕಿನೊಳಗೆ 60 ಡಿಗ್ರಿ ಓರೆಯಾಗಿ ಟ್ಯೂಬ್ ಸೆಟ್ಲರ್, ಅಂದರೆ ಕೊಳೆ ಬೇಗ ಕೂರಿಸುವ ಕೊಳವೆಗಳ ಗುಚ್ಛ, ಕೂರಿಸಿದೆವು. ಫಿಲ್ಟರ್ ಮರಳು ಬದಲಿಸಿದೆವು. ಅದರಲ್ಲಿ ಹೇಳುವಂಥದ್ದೇನಿಲ್ಲ, ಡ್ರಾಯಿಂಗ್ ಪ್ರಕಾರ ಆಯಿತು.

ತಲೆನೋವು ಶುರುವಾಗಿದ್ದು ಕೆಸರಿನಿಂದ. ನೀರು ಜಾಸ್ತಿಯಾದರೆ ಕೆಸರೂ ಜಾಸ್ತಿ, ಅಲ್ವಾ? ಆದರೆ ಕೆಸರು ಒಣಗಿಸುವ ಮರಳಿನ ಹಾಸುಗಳು ಹಳೆಯವೇ. ಮೊದಲ ಮಳೆಗಾಲಕ್ಕೇ ತುಂಬಿಹೋದವು. ನೀರಿನ ಕೊಳೆ ಗಂಟುಕಟ್ಟಿ ಕೂರಲೆಂದು ಹಾಕುವ ಆಲಂ (ಪಟಿಕ) ಸೇರಿದ ಕೆಸರು ಮಣ್ಣಿನ ಹಾಗಲ್ಲ. ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಾಣುತ್ತದೆ, ಸಲಿಕೆ ಹಾಕಿದರೆ ಒಳಗೆ ಜೆಲ್ಲಿ.

ಕೆಸರನ್ನು ಜೋರಾಗಿ ತಿರುಗಿಸಿ ನೀರು ಬೇರ್ಪಡಿಸುವ ದೊಡ್ಡ ಸೆಂಟ್ರಿಫ್ಯೂಜ್ ಯಂತ್ರ ತರೋಣ ಎಂಬ ಮಾತು ಬಂತು. ನಾನು ಮೊದಲು ಬಕೆಟ್ ಹಿಡಿದು ಕೆಸರು ಬಿಡುವ ವಾಲ್ವ್ ಹತ್ತಿರ ನಿಂತೆ. ಎರಡು ನಿಮಿಷ ದಪ್ಪ ಕಂದು ಕೆಸರು ಬಂತು. ಆಮೇಲೆ ಬರೀ ಮಬ್ಬು ನೀರು. ಆಪರೇಟರ್ ಹತ್ತು ನಿಮಿಷ ತೆರೆದಿಡುತ್ತಿದ್ದರು. "ಮೊದಲಿಂದಲೂ ಹೀಗೇ ಸಾರ್" ಎಂದರು. ಎಂಟು ನಿಮಿಷ ಸುಮ್ನೆ ನೀರನ್ನೇ ಒಣಗಿಸಲು ಕಳಿಸುತ್ತಿದ್ದೆವು! ಹೊತ್ತು ಕಡಿಮೆ ಮಾಡಿ, ದಿನಕ್ಕೆ ಹೆಚ್ಚು ಸಲ ಬಿಡತೊಡಗಿದೆವು. ಏಕೆಂದರೆ ಕೆಸರನ್ನು ತಳದಲ್ಲೇ ಬಿಟ್ಟರೆ ಕೊಳೆತು ವಾಸನೆ ಬರುತ್ತದೆ. ಕೆಸರಿನ ಗಟ್ಟಿ ಅಂಶ ಶೇ. 1ರಿಂದ 2ಕ್ಕೆ ಏರಿದರೂ ಸಾಕು, ಒಟ್ಟು ಗಾತ್ರ ಅರ್ಧಕ್ಕಿಳಿಯುತ್ತದೆ.

ಆಮೇಲೆ ಎಷ್ಟು ಆಲಂ ಸಾಕು ಎಂದು ನೋಡುವ ಜಾರ್ ಟೆಸ್ಟ್. ಆರು ಬೀಕರ್, ಒಂದು ನಿಮಿಷ ಜೋರಾಗಿ, 20 ನಿಮಿಷ ನಿಧಾನವಾಗಿ ಕಲಕಿ ಅರ್ಧ ಗಂಟೆ ಬಿಟ್ಟೆವು. ಲೀಟರಿಗೆ 50 ಮಿಲಿಗ್ರಾಂ ಆಲಂ ಹಾಕಿದ ಬೀಕರಿಗೂ 35 ಹಾಕಿದ್ದಕ್ಕೂ ತಿಳಿಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಹೆಚ್ಚುವರಿ ಆಲಂ ಎಲ್ಲ ಕೆಸರೇ ಆಗುತ್ತಿತ್ತು. ಕೊನೆಗೆ ಚಿಕ್ಕ ಸೆಂಟ್ರಿಫ್ಯೂಜೇ ಸಾಕಾಯಿತು.

ಒಂದು ತಪ್ಪು ನನ್ನದೇ. ಫಿಲ್ಟರ್ ತೊಳೆದ ನೀರನ್ನು ಒಮ್ಮೆಲೇ ಮತ್ತೆ ಸೆಟ್ಲಿಂಗ್ ಟ್ಯಾಂಕಿಗೆ ತಿರುಗಿಸಿದೆ. ಕೂತಿದ್ದ ಕೆಸರೆಲ್ಲ ಎದ್ದು ಫಿಲ್ಟರಿಗೆ ಬಂತು. ಈಗ ಆ ನೀರನ್ನು ಮೊದಲು ತಿಳಿಯಾಗಲು ಬಿಟ್ಟು, ದಿನವಿಡೀ ಸ್ವಲ್ಪ ಸ್ವಲ್ಪವೇ, ಒಳಬರುವ ನೀರಿನ ಶೇ. 10ಕ್ಕಿಂತ ಕಡಿಮೆ ಸೇರಿಸುತ್ತೇವೆ. ಫಿಲ್ಟರ್ ಹಿಡಿದ, ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂನಂಥ ಸೂಕ್ಷ್ಮ ಜೀವಿಗಳೂ ಅದರಲ್ಲೇ ಇರುತ್ತವೆ. ಕ್ಲೋರಿನ್‌ಗೆ ಅವು ಅಷ್ಟಾಗಿ ಜಗ್ಗುವುದಿಲ್ಲ.

ಒಣ ಕೆಸರನ್ನು ತೋಟಕ್ಕೆ ಕೊಡಿ ಎಂದು ಈಗಲೂ ಕೇಳುತ್ತಾರೆ. ಆಲಂ ಕೆಸರು ಮಣ್ಣಿನ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಹಾಗಾಗಿ ಕೊಡುವುದಿಲ್ಲ. ಇಟ್ಟಿಗೆ ಮಣ್ಣಿಗೆ ಬೆರೆಸಿ ಸುಟ್ಟು ನೋಡುತ್ತಿದ್ದೇವೆ. ಮೊದಲ ಸಲ ಜಾಸ್ತಿ ಬೆರೆಸಿ ಅರ್ಧಕ್ಕರ್ಧ ಇಟ್ಟಿಗೆ ಬಿರುಕು ಬಿಟ್ಟವು.