ಹದಿನೈದು ನಿಮಿಷದ ಹಾಡು, ಹನ್ನೊಂದು ತಿಂಗಳ ಕಥೆ

ಹನ್ನೊಂದು ವರ್ಷ ಒಂದೇ ಪಂಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸಿದೆ. ಪಂಕ್ ಎಂದರೆ ವೇಗದ, ಸಿಟ್ಟಿನ, ಸರಳ ರಾಕ್ ಸಂಗೀತ. ಹಾಡುಗಳನ್ನು ಬರೆಯುತ್ತಿದ್ದವನೂ ನಾನೇ. ಕೇಳುಗರು ಮತ್ತೆ ಮತ್ತೆ ಬೇಡಿ ಹಾಡಿಸುತ್ತಿದ್ದ ಹಾಡೊಂದರ ಪಲ್ಲವಿ ಹೀಗಿತ್ತು: ‘ಬಾಗಿಲು ಒಡೆಯಿರಿ, ಒಡೆಯಿರಿ, ಒಡೆಯಿರಿ.’ ಇಡೀ ಸಭಾಂಗಣ ಅದನ್ನು ನಮ್ಮ ಜೊತೆ ಕೂಗುತ್ತಿತ್ತು.

ಬ್ಯಾಂಡ್ ಬಿಟ್ಟ ಮೇಲೆ ಒಂದು ದಿನ ಆ ಹಾಡನ್ನು ಬಿಳಿ ಹಾಳೆಯ ಮೇಲೆ ಬರೆದುಕೊಂಡು ಓದಿದೆ. ಡ್ರಮ್ಮಿಲ್ಲ, ಗಿಟಾರಿಲ್ಲ, ಕೂಗುವ ಜನರಿಲ್ಲ. ಉಳಿದದ್ದು ಎಂಟು ಸಾಲು. ಯಾರ ಬಾಗಿಲು, ಒಳಗೆ ಯಾರಿದ್ದಾರೆ, ಏಕೆ ಒಡೆಯಬೇಕು ಎನ್ನುವುದಕ್ಕೆ ಆ ಸಾಲುಗಳಲ್ಲಿ ಉತ್ತರವೇ ಇರಲಿಲ್ಲ. ಉತ್ತರ ನನಗೊಬ್ಬನಿಗೆ ಗೊತ್ತಿತ್ತು. ಕೆಲಸ ಕಳೆದುಕೊಂಡ ಅಪ್ಪ ಕೋಣೆಯ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಹೊರಗೆ ಬಾರದ ಕಾಲವೊಂದಿತ್ತು. ಹದಿಮೂರು ವರ್ಷದ ನಾನು ಊಟದ ತಟ್ಟೆ ಹಿಡಿದು ಆ ಬಾಗಿಲ ಹೊರಗೆ ನಿಂತಿರುತ್ತಿದ್ದೆ. ಹಾಡಿನಲ್ಲಿ ಅಪ್ಪನೂ ಇರಲಿಲ್ಲ, ತಟ್ಟೆಯೂ ಇರಲಿಲ್ಲ. ಅಷ್ಟು ವರ್ಷ ಅಷ್ಟು ಜೋರಾಗಿ ಹಾಡಿ ನಾನು ಮುಚ್ಚಿಟ್ಟಿದ್ದು ಅದನ್ನೇ ಎಂದು ಆ ಹಾಳೆಯ ಮುಂದೆ ಕೂತಾಗ ಅರಿವಾಯಿತು. ನನ್ನ ಬರವಣಿಗೆ ಶುರುವಾದದ್ದು ಅಂದು.

ಬ್ಯಾಂಡ್ ಬಿಡಲು ಕಾರಣ ನನ್ನ ಕಿವಿ. ಮೊದಲೆಲ್ಲ ಕಾರ್ಯಕ್ರಮದ ರಾತ್ರಿ ಮೊರೆಯುತ್ತಿದ್ದ ಕಿವಿ ಬೆಳಗಾಗುವಷ್ಟರಲ್ಲಿ ಸುಮ್ಮನಾಗುತ್ತಿತ್ತು. ಒಂದು ಬೆಳಗ್ಗೆ ಸುಮ್ಮನಾಗಲಿಲ್ಲ, ಇಂದಿಗೂ ಆಗಿಲ್ಲ. ಕೆಲಸದ ಜಾಗದ ಸದ್ದಿಗೆ ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಮುಟ್ಟುವ ಹೊತ್ತಿಗೆ ಉಳಿಯುವುದು 15 ನಿಮಿಷ. ನಮ್ಮ ಒಂದು ಕಾರ್ಯಕ್ರಮವೇ 40 ನಿಮಿಷ. ವಾರಕ್ಕೆ ಮೂರು ತಾಲೀಮು ಬೇರೆ. ಡ್ರಮ್ಮಿನ ಸಿಂಬಲ್ ಪಕ್ಕದಲ್ಲೇ ನಿಂತು, ಇಯರ್‌ಪ್ಲಗ್ ಇಲ್ಲದೆ ಆರು ವರ್ಷ ನುಡಿಸಿದೆ. ಈಗ ಬ್ಯಾಂಡ್ ಕಟ್ಟುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಗಿಟಾರಿನ ತಂತಿಗಿಂತ ಮೊದಲು ಇಯರ್‌ಪ್ಲಗ್ ಕೊಳ್ಳಿ.

ಪಂಕ್ ಬಿಟ್ಟು ಬರವಣಿಗೆಗೆ ಬಂದೆ ಎಂದರೆ ಜನ ಮತಾಂತರವಾದವನನ್ನು ನೋಡುವಂತೆ ನೋಡುತ್ತಾರೆ. ಆದರೆ ಇವೆರಡೂ ಮೊದಲಿನಿಂದ ಒಂದೇ ಸೂರಿನಡಿ ಬೆಳೆದವು. ಪಂಕ್ ಗಾಯಕ ರಿಚರ್ಡ್ ಹೆಲ್ ನ್ಯೂಯಾರ್ಕಿಗೆ ಬಂದದ್ದೇ ಕವಿಯಾಗಲು. ಬ್ಯಾಂಡ್ ಕಟ್ಟುವ ಮೊದಲೇ ಸಣ್ಣ ಸಾಹಿತ್ಯ ಪತ್ರಿಕೆಯೊಂದನ್ನು ತಾವೇ ಹೊರತರುತ್ತಿದ್ದರು. ಗಾಯಕಿ ಪ್ಯಾಟಿ ಸ್ಮಿತ್ 1971ರ ಫೆಬ್ರುವರಿಯಲ್ಲಿ ಅದೇ ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಕವಿತೆ ಓದಿದಾಗ ಪಕ್ಕದಲ್ಲಿ ಲೆನಿ ಕೇ ಗಿಟಾರ್ ನುಡಿಸಿದರು. ಸ್ಮಿತ್ ಅವರ ಮೊದಲ ಆಲ್ಬಂ ಬಂದದ್ದು 1975ರಲ್ಲಿ. ನನಗೆ ಹೆಚ್ಚು ಧೈರ್ಯ ಕೊಟ್ಟವರು ಮಾತ್ರ ‘ದ ಸ್ಲಿಟ್ಸ್’ ಬ್ಯಾಂಡಿನ ಗಿಟಾರ್ ವಾದಕಿ ವಿವ್ ಆಲ್ಬರ್ಟೀನ್. ಅವರ ಬ್ಯಾಂಡಿನ ಮೊದಲ ಆಲ್ಬಂ 1979ರದು, ಅವರ ಆತ್ಮಕಥೆ 2014ರದು. ನಡುವಿನ ಆ 35 ವರ್ಷಗಳನ್ನು ನಾನು ಎಷ್ಟೋ ರಾತ್ರಿ ಬೆರಳು ಮಡಚಿ ಎಣಿಸಿದ್ದೇನೆ. ತಡವಾಯಿತು ಎಂಬ ಅಳುಕು ಬಂದಾಗಲೆಲ್ಲ ಆ ಲೆಕ್ಕ ನನ್ನನ್ನು ಮತ್ತೆ ಮೇಜಿನ ಮುಂದೆ ಕೂರಿಸಿದೆ.

ಗಿಟಾರಿನ ಮೂರು ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಚಿತ್ರ ಬರೆದು, ಇನ್ನು ಹೋಗಿ ಬ್ಯಾಂಡ್ ಕಟ್ಟಿ ಎಂದು ಹೇಳಿದ ಪುಟ ಪಂಕ್ ಲೋಕದಲ್ಲಿ ಎಲ್ಲರಿಗೂ ಗೊತ್ತು. ಅದು ‘ಸ್ನಿಫಿನ್ ಗ್ಲೂ’ ಎಂಬ ಝೀನ್‌ನದು ಎಂದು ಹಲವರು ಹೇಳುತ್ತಾರೆ. ನಿಜವಾಗಿ ಅದು ಬಂದದ್ದು ‘ಸೈಡ್‌ಬರ್ನ್ಸ್’ ಎಂಬ ಇನ್ನೊಂದು ಝೀನ್‌ನಲ್ಲಿ. ಝೀನ್ ಎಂದರೆ ಬರೆದವರೇ ನಕಲು ತೆಗೆದು, ಮಡಚಿ, ಪಿನ್ ಹೊಡೆದು ಹಂಚುವ ಕಿರುಪತ್ರಿಕೆ. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಬ್ಯಾಂಡಿನವರು ತಮ್ಮ ನಾಲ್ಕು ಹಾಡುಗಳ ರೆಕಾರ್ಡನ್ನು ತಾವೇ ಹೊರತಂದಾಗ, ಯಾವ ಹಾಡನ್ನು ಎಷ್ಟನೇ ಸಲ ನುಡಿಸಿದಾಗ ಧ್ವನಿಮುದ್ರಿಸಿದರು ಎಂಬುದನ್ನೂ ಅದರ ಹೊದಿಕೆಯ ಮೇಲೆ ಅಚ್ಚು ಹಾಕಿಸಿದ್ದರು. ನಾವು ಹೀಗೆ ಮಾಡಿದೆವು, ನೀವೂ ಮಾಡಬಹುದು ಎಂದು ಕೈ ಬಿಚ್ಚಿ ತೋರಿಸಿದ ಹಾಗೆ. ನಾನು ಪಂಕ್‌ನಿಂದ ಬರವಣಿಗೆಗೆ ತಂದುಕೊಂಡದ್ದು ಈ ನಡತೆಯನ್ನು. ಮೊದಲ ಎಂಟು ಕಥೆಗಳು ಪತ್ರಿಕೆಗಳಿಂದ ಹಿಂದಿರುಗಿದಾಗ ಅವುಗಳಲ್ಲಿ ಮೂರನ್ನು ಆರಿಸಿ ನಾನೇ ಝೀನ್ ಮಾಡಿದೆ. ಎ4 ಹಾಳೆ ನಾಲ್ಕು, ಮಡಚಿದರೆ 16 ಪುಟ. 60 ಪ್ರತಿ ತೆಗೆದು ಹಳೆಯ ಗೆಳೆಯರ ಕಾರ್ಯಕ್ರಮಗಳಲ್ಲಿ ಟೀ ಶರ್ಟುಗಳ ಪಕ್ಕದಲ್ಲಿಟ್ಟು ಮಾರಿದೆ. ಮನೆಗೆ ಕೊಂಡೊಯ್ದು ಓದಿದವರು ಮುಂದಿನ ಸಲ ಹುಡುಕಿಕೊಂಡು ಬಂದು ಮಾತನಾಡಿಸಿದರು. ಅವರಲ್ಲಿ ಒಬ್ಬರು ಸಂಪಾದಕರಾಗಿದ್ದರು. ನನ್ನ ಮೊದಲ ಸಂಕಲನ ಬಂದದ್ದು ಅವರಿಂದ.

ಅಪ್ಪನ ಬಾಗಿಲಿನ ಕಥೆ ಅಷ್ಟು ಸುಲಭಕ್ಕೆ ಒದಗಲಿಲ್ಲ. ಹಾಡನ್ನು ಹದಿನೈದು ನಿಮಿಷದಲ್ಲಿ ಬರೆದಿದ್ದೆ, ಕಥೆಗೆ ಹನ್ನೊಂದು ತಿಂಗಳು ಹಿಡಿಯಿತು. ಮೊದಲ ಕರಡಿನಲ್ಲಿ ಪ್ರತಿ ವಾಕ್ಯವೂ ಹಾಡಿನ ಸಾಲಿನಂತೆ ಚಿಕ್ಕದು, ಪ್ರತಿಯೊಂದರಲ್ಲೂ ಸಿಟ್ಟು. ನಮ್ಮ ಡ್ರಮ್ಮರ್‌ನನ್ನು ಕರೆಸಿ ಓದಿ ಹೇಳಿದೆ. ಬೇಸ್ ನುಡಿಸುವವನು ಹನ್ನೊಂದು ವರ್ಷ ಕಿವಿಗೊಡುವುದು ಡ್ರಮ್ಮರ್‌ಗೇ. ನನ್ನ ಲಯ ಎಲ್ಲಿ ಜಾರುತ್ತದೆ ಎಂದು ನನಗಿಂತ ಮೊದಲು ಅವನಿಗೆ ತಿಳಿಯುತ್ತದೆ. ಓದುತ್ತಿದ್ದಷ್ಟು ಹೊತ್ತೂ ಅವನು ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಮುಗಿದ ಮೇಲೆ, ‘ಎಲ್ಲ ಒಂದೇ ಹೊಡೆತದಲ್ಲಿ ಹೋಗುತ್ತಿದೆ. ಆ ಹುಡುಗ ಬಾಗಿಲ ಮುಂದೆ ಕಾಯುತ್ತಿದ್ದಾನೆ ಅನ್ನುತ್ತೀಯ, ಆದರೆ ನೀನು ನನ್ನನ್ನು ಒಂದು ಕ್ಷಣವೂ ಕಾಯಿಸಲಿಲ್ಲ’ ಎಂದ.

ಬರವಣಿಗೆಯ ಬಗ್ಗೆ ನನಗೆ ಸಿಕ್ಕ ಅತಿ ಮುಖ್ಯ ಪಾಠ ಅದು. ರಮೋನ್ಸ್ ಬ್ಯಾಂಡಿನ 1976ರ ಮೊದಲ ಆಲ್ಬಂನಲ್ಲಿ 14 ಹಾಡುಗಳಿವೆ, ಒಟ್ಟು ಅರ್ಧ ಗಂಟೆಯೂ ಇಲ್ಲ. ಆ ವೇಗವನ್ನೇ ಉಸಿರಾಡಿ ಬೆಳೆದವನು ನಾನು. ಕಾಯಿಸುವುದನ್ನು ಮೊದಲಿನಿಂದ ಕಲಿಯಬೇಕಾಯಿತು. ಉದ್ದನೆಯ ವಾಕ್ಯ ಬರೆದೆ. ತಟ್ಟೆಯ ಅಂಚು ಬೆರಳಿಗೆ ಬಿಸಿಯಾಗಿ ತಾಗಿ ನಿಧಾನವಾಗಿ ತಣ್ಣಗಾಗುವುದನ್ನು ಬರೆದೆ. ಬಾಗಿಲ ಕೆಳಗಿನ ಸಂದಿಯಲ್ಲಿ ಕಾಣುತ್ತಿದ್ದ ಅಪ್ಪನ ಪಾದಗಳ ನೆರಳು ಅತ್ತಿತ್ತ ಸರಿದು ನಿಂತದ್ದನ್ನು ಬರೆದೆ. ಸಿಟ್ಟಿನ ಮಾತುಗಳು ಒಂದೊಂದಾಗಿ ತಾವೇ ಉದುರಿದವು. ‘ಒಡೆಯಿರಿ’ ಎಂಬ ಪದ ಕೊನೆಯ ಕರಡಿನವರೆಗೂ ಉಳಿದಿತ್ತು, ಅದನ್ನು ಹೊಡೆದು ಹಾಕುವಾಗ ಕೈ ನಡುಗಿತು.

ಈಗ ದಿನವೂ ಬೆಳಗಿನ ಐದಕ್ಕೆ ಬರೆಯಲು ಕೂರುತ್ತೇನೆ. ನಿಶ್ಶಬ್ದದಲ್ಲಿ ಕಿವಿಯ ಮೊರೆತ ಹೆಚ್ಚಾಗಿ ಕೇಳುವುದರಿಂದ ಚಳಿಗಾಲದಲ್ಲೂ ಪಕ್ಕದಲ್ಲಿ ಫ್ಯಾನ್ ಓಡುತ್ತಿರುತ್ತದೆ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತೇನೆ, ಉಸಿರು ಸಿಕ್ಕಿಕೊಂಡ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತೇನೆ.

ಬಾಗಿಲಿನ ಕಥೆಯ ಕೊನೆಯ ಕರಡನ್ನೂ ಡ್ರಮ್ಮರ್‌ಗೆ ಓದಿ ಹೇಳಿದೆ. ಎಂದಿನಂತೆ ಮೊಣಕಾಲ ಮೇಲೆ ತಾಳ ಶುರುವಾಯಿತು. ಹುಡುಗ ತಟ್ಟೆಯನ್ನು ನೆಲಕ್ಕಿಟ್ಟು ಬಾಗಿಲಿಗೆ ಬೆನ್ನು ಕೊಟ್ಟು ಕೂರುವ ಸಾಲಿಗೆ ಬಂದಾಗ ಅವನ ಬೆರಳು ನಿಂತಿತು. ಓದು ಮುಗಿಯುವವರೆಗೂ ಮತ್ತೆ ಆಡಲಿಲ್ಲ.