ಸಿಪಿಯು ಫ್ಲ್ಯಾಗ್‌ನಲ್ಲಿ 'ಎಚ್‌ಟಿ' ಕಂಡರೆ ಹೈಪರ್‌ಥ್ರೆಡಿಂಗ್ ಇದೆ ಅಂತಲ್ಲ
ಒಂದೇ ಕೋರ್ ಒಟ್ಟಿಗೆ ಎರಡು ಥ್ರೆಡ್ (ಕೆಲಸದ ಸಾಲು) ನಡೆಸೋದೇ ಹೈಪರ್‌ಥ್ರೆಡಿಂಗ್. ಪ್ರೊಸೆಸರ್ ವಿವರ ಕೊಡುವ ಲಿನಕ್ಸ್‌ನ ಸಿಪಿಯುಇನ್ಫೋ ಫೈಲ್‌ನಲ್ಲಿ, ಫ್ಲ್ಯಾಗ್ (ಸೌಲಭ್ಯ) ಪಟ್ಟಿಯಲ್ಲಿ 'ಎಚ್‌ಟಿ' ನೋಡಿ ಅದು ಇದೆ ಅಂತ ತೀರ್ಮಾನಕ್ಕೆ ಬರಬೇಡಿ. ಪ್ರೊಸೆಸರ್ ತನ್ನ ವಿವರ ಹೇಳುವ ಸಿಪಿಯುಐಡಿ ಸೂಚನೆಯ ಲೀಫ್ (ಮಾಹಿತಿ ಪುಟ) 1, ಇಡಿಎಕ್ಸ್ ರಿಜಿಸ್ಟರ್‌ನ 28ನೇ ಬಿಟ್ ಅದು. ಒಂದು ಚಿಪ್‌ನಲ್ಲಿ ಒಂದಕ್ಕಿಂತ ಹೆಚ್ಚು ಲಾಜಿಕಲ್ ಪ್ರೊಸೆಸರ್ (ಆಪರೇಟಿಂಗ್ ಸಿಸ್ಟಮ್‌ಗೆ ಕಾಣುವ ಪ್ರೊಸೆಸರ್) ಇರಬಹುದು ಅಂತಷ್ಟೇ ಅದರರ್ಥ. ಬರೀ ಮಲ್ಟಿಕೋರ್ ಆದರೂ ಸಾಕು. ಇಂಟೆಲ್‌ನ ಐ5-9400ರಲ್ಲಿ ಹೈಪರ್‌ಥ್ರೆಡಿಂಗ್ ಇಲ್ಲವೇ ಇಲ್ಲ, ಆದರೂ ಈ ಫ್ಲ್ಯಾಗ್ ಬರುತ್ತೆ.

ಹೈಪರ್‌ಥ್ರೆಡಿಂಗ್ ಇದೆಯೋ ಇಲ್ಲವೋ ತಿಳಿಯಲು ಅದೇ ಫೈಲ್‌ನಲ್ಲಿ 'ಸಿಬ್ಲಿಂಗ್ಸ್' (ಚಿಪ್‌ನ ಲಾಜಿಕಲ್ ಪ್ರೊಸೆಸರ್ ಸಂಖ್ಯೆ) ಮತ್ತು 'ಸಿಪಿಯು ಕೋರ್ಸ್' (ಕೋರ್ ಸಂಖ್ಯೆ) ಎರಡನ್ನೂ ಹೋಲಿಸಿ. 9400ರಲ್ಲಿ 6, 6. ಐ7-8700ರಲ್ಲಿ 12, 6, ಅಂದರೆ ಕೋರ್‌ಗೆ ಎರಡು ಥ್ರೆಡ್. ಐ5-12600ಕೆಯಲ್ಲಿ 16, 10 ಬಂದರೆ ಗಾಬರಿ ಬೇಡ: 6 ಪಿ-ಕೋರ್‌ಗೆ (ವೇಗದ ಕೋರ್) ತಲಾ ಎರಡು ಥ್ರೆಡ್, 4 ಇ-ಕೋರ್‌ಗೆ (ವಿದ್ಯುತ್ ಉಳಿಸುವ ಕೋರ್) ಒಂದೊಂದೇ. ಹಾಗಾಗಿ ಕೋರ್ ಸಂಖ್ಯೆಯನ್ನು ಎರಡರಿಂದ ಗುಣಿಸುವ ಸ್ಕ್ರಿಪ್ಟ್ ಇಲ್ಲಿ ಎಡವುತ್ತೆ.

ವರ್ಚುವಲ್ ಮಷೀನ್ ಒಳಗೆ ಈ ಲೆಕ್ಕ ನಂಬಬೇಡಿ. ಹೈಪರ್‌ವೈಸರ್ (ವರ್ಚುವಲ್ ಮಷೀನ್ ನಡೆಸುವ ಸಾಫ್ಟ್‌ವೇರ್) ತೋರಿಸಿದ್ದೇ ಅಲ್ಲಿ ಕಾಣೋದು, ಅದು ಓಡುವ ನಿಜವಾದ ಕಂಪ್ಯೂಟರ್ ಅಂದರೆ ಹೋಸ್ಟ್‌ನಲ್ಲೇ ನೋಡಿ.